ಯಾವ ಎಂಜಿನ್ ಆರಿಸಲಿ ಎಂದು ಕೇಳಿದ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ನೀನು ಕೊಳ್ಳಬೇಕೆಂದಿರುವ ಗಾಡಿಗೆ ಟರ್ಬೊ ಡೀಸೆಲ್, ಟರ್ಬೊ ಪೆಟ್ರೋಲ್ ಮತ್ತು ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಬ ಮೂರು ಎಂಜಿನ್‌ಗಳಿವೆ, ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳಿದ್ದೀಯೆ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಸಾಧನ. ನಿನ್ನ ಅಪ್ಪನನ್ನು ಕೇಳಿದ್ದರೆ ಡೀಸೆಲ್ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅವರಿಗೆ ಆ ಸದ್ದೊಂದೇ ಸಾಕು. ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ನೀನು ಕಳುಹಿಸಿದ ಪಟ್ಟಿಯಲ್ಲಿ ಅಡಿಗೆರೆ ಹಾಕಿರುವುದೆಲ್ಲ ಗರಿಷ್ಠ ಶಕ್ತಿಯ ಅಂಕಿಗಳಿಗೆ. ದಾರಿಯಿಲ್ಲದ ಕಡೆ ಓಡಿಸುವ ಗಾಡಿಗೆ ಆ ಅಂಕಿ ಅಷ್ಟಾಗಿ ಒದಗುವುದಿಲ್ಲ.

ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ ನಿಮಿಷಕ್ಕೆ ಐದಾರು ಸಾವಿರ ಸುತ್ತಿನಲ್ಲಿ, ಡೀಸೆಲ್‌ನದು ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಕಲ್ಲುಬಂಡೆಗಳ ಏರನ್ನು ಹತ್ತುವಾಗ ಎಂಜಿನ್ ಹೆಚ್ಚಿನಂಶ ಸಾವಿರದಿಂದ ಎರಡು ಸಾವಿರ ಸುತ್ತಿನೊಳಗೇ ಇರುತ್ತದೆ. ಟಾರ್ಕನ್ನು, ಎಂದರೆ ಎಂಜಿನ್ ತಿರುಗಿಸುವ ಬಲವನ್ನು, ಸುತ್ತಿನಿಂದ ಗುಣಿಸಿ 9549ರಿಂದ ಭಾಗಿಸಿದರೆ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. ಹೀಗಾಗಿ 1500 ಸುತ್ತಿನಲ್ಲಿ 300 ನ್ಯೂಟನ್ ಮೀಟರ್ ಕೊಡುವ ಎಂಜಿನ್ ಆ ಹೊತ್ತಿನಲ್ಲಿ ಹೊರಹಾಕುವುದು 47 ಕಿಲೋವ್ಯಾಟ್ ಮಾತ್ರ, ಪಟ್ಟಿಯಲ್ಲಿ ಏನೇ ಅಚ್ಚಾಗಿರಲಿ. ಆದ್ದರಿಂದ ನೀನು ಕೇಳಿ ಪಡೆಯಬೇಕಾದದ್ದು ಟಾರ್ಕಿನ ಪೂರ್ತಿ ರೇಖಾಚಿತ್ರವನ್ನು, ಅದರಲ್ಲಿಯೂ ಎಡತುದಿಯನ್ನು.

ಅದಕ್ಕಿಂತಲೂ ಮುಖ್ಯವಾದದ್ದು ಗೇರು. ಮೊದಲ ಗೇರಿನ ಅನುಪಾತ, ಲೋ ರೇಂಜಿನ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಹೆಚ್ಚುವರಿ ಗೇರಿನ) ಅನುಪಾತ ಮತ್ತು ಆಕ್ಸಲಿನ (ಚಕ್ರಗಳ ಅಚ್ಚಿನ) ಅನುಪಾತ ಈ ಮೂರನ್ನೂ ಗುಣಿಸಿದಾಗ ಬರುವ ಸಂಖ್ಯೆಗೆ ಕ್ರಾಲ್ ರೇಷಿಯೊ ಎನ್ನುತ್ತಾರೆ. ಎಂಟು ಗೇರಿನ ಆಟೊಮ್ಯಾಟಿಕ್ ಇರುವ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 4.71, 4 ಮತ್ತು 4.10 ಸೇರಿ ಅದು ಸುಮಾರು 77 ಆಗುತ್ತದೆ. ಎಂದರೆ ಎಂಜಿನ್ 1500 ಸುತ್ತು ತಿರುಗುತ್ತಿದ್ದರೂ ಗಾಡಿ ಗಂಟೆಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ, ಪಕ್ಕದಲ್ಲಿ ನಡೆದು ದಾರಿ ತೋರಿಸುವವರಿಗಿಂತ ನಿಧಾನವಾಗಿ, ತೆವಳುತ್ತದೆ. ಇಷ್ಟು ಆಳವಾದ ಗೇರು ಇದ್ದರೆ ಎಂಜಿನ್ನಿನ ಟಾರ್ಕ್ ಸ್ವಲ್ಪ ಕಡಿಮೆಯಿದ್ದರೂ ಚಕ್ರಕ್ಕೆ ಕೊರತೆ ತಟ್ಟುವುದಿಲ್ಲ. ಸುಜುಕಿ ಜಿಮ್ನಿಯ ಲೋ ರೇಂಜ್ ಅನುಪಾತ ಬರೀ 2, ಅದರ ಒಂದೂವರೆ ಲೀಟರ್ ಸಾದಾ ಪೆಟ್ರೋಲ್ ಎಂಜಿನ್ ಕೊಡುವ ಟಾರ್ಕ್ ಕೇವಲ 130 ನ್ಯೂಟನ್ ಮೀಟರ್, ಅದೂ 4000 ಸುತ್ತಿನಲ್ಲಿ. ಆದರೂ ಅದು ದೊಡ್ಡ ದೊಡ್ಡ ಗಾಡಿಗಳ ಹಿಂದೆಯೇ ಹತ್ತಿಬಿಡುತ್ತದೆ, ಏಕೆಂದರೆ ಅದರ ತೂಕ ಸುಮಾರು 1100 ಕಿಲೋ ಅಷ್ಟೆ.

ಇನ್ನು ಟರ್ಬೊ ವಿಷಯ. ಒದ್ದೆ ಬಂಡೆಯ ಅಂಚಿಗೆ ಮುಂದಿನ ಚಕ್ರ ತಾಗಿ ನಿಂತಿದೆ ಎಂದುಕೊ. ನೀನು ಪೆಡಲನ್ನು ಸ್ವಲ್ಪ ಒತ್ತುತ್ತೀಯೆ, ಗಾಡಿ ಅಲುಗುವುದಿಲ್ಲ. ಇನ್ನಷ್ಟು ಒತ್ತುತ್ತೀಯೆ, ಅಷ್ಟರಲ್ಲಿ ಹೊಗೆಯ ರಭಸಕ್ಕೆ ಟರ್ಬೈನ್ ವೇಗ ಪಡೆದು, ನೀನು ಮೊದಲು ಕೇಳಿದ್ದೂ ಆಮೇಲೆ ಕೇಳಿದ್ದೂ ಒಟ್ಟಿಗೇ ಚಕ್ರಕ್ಕೆ ಬಂದುಬಿಡುತ್ತದೆ. ಟೈರು ಗಿರ್ರೆಂದು ತಿರುಗಿ ಪಾಚಿಯನ್ನು ಕೆರೆದು ಹಾಕುತ್ತದೆ, ಗಾಡಿ ಪಕ್ಕಕ್ಕೆ ಜಾರುತ್ತದೆ. ಈಗಿನ ಟರ್ಬೊಗಳಲ್ಲಿ ಈ ತಡ ಬಹಳ ಕಡಿಮೆಯಾಗಿದೆ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ಚಿನ ಬದಲಿಗಿರುವ ಟಾರ್ಕ್ ಕನ್ವರ್ಟರ್ ಅದನ್ನು ಇನ್ನಷ್ಟು ಮರೆಮಾಡುತ್ತದೆ, ನಿಜ. ಆದರೆ ಸಾದಾ ಪೆಟ್ರೋಲ್ ಎಂಜಿನ್ ಕಾಲು ಕೇಳಿದಷ್ಟನ್ನು ಕೇಳಿದ ಕ್ಷಣದಲ್ಲಿಯೇ ಕೊಡುತ್ತದೆ, ಅದರಲ್ಲಿಯೂ ಕೈಗೇರಿನ ಗಾಡಿಯಲ್ಲಿ ಹೊಸದಾಗಿ ಕಲಿಯುವವರಿಗೆ ಇದು ಸಣ್ಣ ಅನುಕೂಲವಲ್ಲ.

ಎತ್ತರದ ಪ್ರದೇಶದಲ್ಲಿ ಲೆಕ್ಕ ತಿರುಗಿಬೀಳುತ್ತದೆ. 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲಿಗೆ ಇಳಿಯುವುದರಿಂದ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯ ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟದ ಬಹುಪಾಲನ್ನು ಸರಿದೂಗಿಸುತ್ತದೆ. ಮರಳಿನ ದಿಬ್ಬಗಳಿಗೆ ಬೇಕಾದದ್ದು ಚಕ್ರದ ವೇಗ, ಅಲ್ಲಿ ಮೇಲಿನ ಸುತ್ತುಗಳಿಗೆ ಚುರುಕಾಗಿ ಏರುವ ಪೆಟ್ರೋಲ್ ಎಂಜಿನ್ನೇ ಸೈ. ನೀನು ಬರೆದಿರುವಂತೆ ಇವೆರಡೂ ನಿನ್ನ ದಾರಿಗಳಲ್ಲ.

ಡೀಸೆಲ್‌ಗೆ ಅನ್ಯಾಯ ಮಾಡಬಾರದು. ನಿಧಾನ ಚಾಲನೆಯಲ್ಲಿ ಪೆಟ್ರೋಲ್ ಎಂಜಿನ್ ಅರೆಮುಚ್ಚಿದ ಥ್ರಾಟಲ್ ಎಂಬ ಗಾಳಿಬಾಗಿಲ ಮೂಲಕ ಗಾಳಿ ಎಳೆಯಲು ಏದುಸಿರು ಬಿಡುತ್ತದೆ, ಡೀಸೆಲ್‌ಗೆ ಆ ಕಷ್ಟವಿಲ್ಲ, ಆದ್ದರಿಂದ ಒಂದೇ ಟ್ಯಾಂಕಿನಲ್ಲಿ ಬಹಳ ದೂರ ಹೋಗುತ್ತದೆ. ಕ್ಯಾನಿನಲ್ಲಿ ಹೊತ್ತೊಯ್ಯಲು ಡೀಸೆಲ್ ಹೆಚ್ಚು ಸುರಕ್ಷಿತ, ಏಕೆಂದರೆ ಅದರ ಆವಿ ಸಾಮಾನ್ಯ ಹವೆಯಲ್ಲಿ ಪೆಟ್ರೋಲಿನಂತೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುವುದಿಲ್ಲ. ಆದರೆ ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ ಹೆಚ್ಚು ಹಿಡಿತ ಕೊಡುತ್ತದೆ ಎಂಬ ಮಾತನ್ನು ಹಾಗೆಯೇ ನಂಬಬೇಡ. ಅಲ್ಲಿ ಹಿಡಿದಿಡುವುದು ಲೋ ರೇಂಜಿನ ಗೇರು. ಹಾಗೆಯೇ ಹಳ್ಳ ದಾಟುವಾಗ ನೋಡಬೇಕಾದದ್ದು ಗಾಳಿ ಒಳಗೆ ಹೋಗುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಸಿಲಿಂಡರಿಗೆ ನೀರು ಹೋದರೆ ಯಾವ ಎಂಜಿನ್ನಿನಲ್ಲಾದರೂ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು.

ನಿನಗೆ ಡೀಸೆಲ್ ಬೇಡ ಎಂದು ನಾನು ಹೇಳುವುದಕ್ಕೆ ಕಾರಣ ವಾರದ ಉಳಿದ ದಿನಗಳು. ನೀನು ಕೆಲಸಕ್ಕೆ ಹೋಗಿಬರುವುದು ಕೆಲವೇ ಕಿಲೋಮೀಟರ್, ಅದೂ ದಟ್ಟಣೆಯಲ್ಲಿ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ತುಂಬುತ್ತ ಬಂದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಸಿಯನ್ನು ಸುಟ್ಟು ಬೂದಿ ಮಾಡಬೇಕು, ಅದಕ್ಕೆ ಹೆದ್ದಾರಿಯ ವೇಗದಲ್ಲಿ ಸ್ವಲ್ಪ ಹೊತ್ತು ಬಿಡುವಿಲ್ಲದೆ ಓಡಬೇಕು. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸುವ ಗಾಡಿಯಲ್ಲಿ ಈ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕಾಗಿ ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಯ ಮೇಲಿಂದ ಇಳಿದು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ಕೊನೆಗೆ ಎಚ್ಚರಿಕೆಯ ದೀಪ ಹತ್ತುತ್ತದೆ. ವಾರಾಂತ್ಯದಲ್ಲಿ ನೀನು ಮಾಡುವ ತೆವಳುವ ಚಾಲನೆಯೂ ಅದಕ್ಕೆ ಬೇಕಾದ ಶಾಖ ಕೊಡುವುದಿಲ್ಲ. ಒಂದು ವೇಳೆ ಆ ಸುಡುವಿಕೆ ನಡೆಯುತ್ತಿರುವಾಗಲೇ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿದೆಯೋ, ಬೆಂಕಿಯ ಭಯ ಬೇರೆ.

ಆದ್ದರಿಂದ ನನ್ನ ಮತ ಸಾದಾ ಪೆಟ್ರೋಲಿಗೆ, ಆದರೆ ಒಂದು ಷರತ್ತಿನ ಮೇಲೆ. ಎಂಜಿನ್ ಬದಲಾದರೆ ಅದರೊಂದಿಗೆ ಗೇರ್‌ಬಾಕ್ಸೂ ಆಕ್ಸಲಿನ ಅನುಪಾತವೂ ಬದಲಾಗಬಹುದು. ಫೋರ್ಡ್ ಬ್ರಾಂಕೊದಲ್ಲಿ ತೆವಳಲೆಂದೇ ಒಂದು ಗೇರು ಇರುವ ಕೈಗೇರಿನ ಪೆಟ್ಟಿಗೆ ಸಿಗುವುದು 2.3 ಲೀಟರಿನ ಚಿಕ್ಕ ಎಂಜಿನ್ನಿಗೆ, 2.7 ಲೀಟರಿನ ದೊಡ್ಡದಕ್ಕಲ್ಲ. ನಿನ್ನ ಗಾಡಿಯಲ್ಲಿ ಸಾದಾ ಪೆಟ್ರೋಲಿನ ಜೊತೆ ಬರುವ ಕ್ರಾಲ್ ರೇಷಿಯೊ ಎಷ್ಟೆಂದು ಮೊದಲು ಕೇಳು. ಅದು ಮೂವತ್ತರೊಳಗಿದ್ದು, ಗಾಡಿಯೂ ಎರಡು ಟನ್ನಿನ ಹತ್ತಿರ ತೂಗಿದರೆ ಟರ್ಬೊ ಪೆಟ್ರೋಲಿಗೆ ಹೋಗು, ಅದನ್ನೂ ಆಟೊಮ್ಯಾಟಿಕ್‌ನೊಂದಿಗೆ.

ಟೆಸ್ಟ್ ಡ್ರೈವಿಗೆ ಹೋದಾಗ ನುಣುಪಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳುಹಿಸಿಬಿಡುತ್ತಾರೆ. ಅಷ್ಟಕ್ಕೆ ಒಪ್ಪಬೇಡ. ಕಡಿದಾದ ಏರಿನ ನಡುವೆ ನಿಲ್ಲಿಸಿ, ಲೋ ರೇಂಜಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು, ಆಟೊಮ್ಯಾಟಿಕ್ ಆದರೆ ಬ್ರೇಕನ್ನು, ಮೆಲ್ಲನೆ ಬಿಡು. ಎಂಜಿನ್ ಆರಿಹೋಗದೆ ಗಾಡಿ ತಾನಾಗಿಯೇ ಮೇಲಕ್ಕೆ ಹೊರಡುತ್ತದೆಯೇ ಎಂದು ನೋಡು. ಮೂರೂ ಎಂಜಿನ್‌ಗಳಲ್ಲಿ ಹಾಗೆಯೇ ಮಾಡಿ, ಆದದ್ದನ್ನು ನನಗೆ ಬರೆ. ಮುಂಗಡ ಕೊಡುವುದು ಆಮೇಲೆ.

ಇಂತಿ ನಿನ್ನ
ಅಮ್ಮ