ಬೀಳುವ ಗೋಪುರ ಮತ್ತು ಎದೆಯ ಮೇಲಿನ ಕಂಬಿ

ಸಂಪಾದಕರಿಗೆ,

ಮಾನ್ಯರೇ,

ಅಮ್ಯೂಸ್‌ಮೆಂಟ್ ಪಾರ್ಕುಗಳಲ್ಲಿಯೂ ದೊಡ್ಡ ಜಾತ್ರೆ, ವಸ್ತುಪ್ರದರ್ಶನಗಳಲ್ಲಿಯೂ ಜನರನ್ನು ಕುರ್ಚಿಗಳಲ್ಲಿ ಕೂರಿಸಿ, ಕಂಬದ ತುದಿಗೇರಿಸಿ, ಥಟ್ಟನೆ ಕೆಳಗೆ ಬಿಡುವ ಡ್ರಾಪ್ ಟವರ್ ಎಂಬ ಆಟವಿರುತ್ತದೆ. ಅದರಲ್ಲಿ ಎಲ್ಲಾದರೂ ಅವಘಡವಾಯಿತೆಂದರೆ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಎತ್ತರವಿತ್ತು?’ ಎಂಬುದು, ಎರಡನೆಯದು ‘ಬ್ರೇಕ್ ಫೇಲ್ ಆಯಿತೇ?’ ಎಂಬುದು. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ, ಈ ಎರಡೂ ಕೇಳಬೇಕಾದವೇ ಆದರೂ, ಮೂರನೆಯದೊಂದು ಪ್ರಶ್ನೆ ಅವುಗಳಿಗಿಂತ ಮುಖ್ಯವೆಂದು ತೋರುತ್ತದೆ: ಕೂತವರ ಎದೆಯ ಮೇಲಿನ ಕಂಬಿ ಎಲ್ಲಿಯವರೆಗೆ ಇಳಿದಿತ್ತು, ಅದನ್ನು ಯಾರು ನೋಡಿದರು? ಹಾಗೇಕೆಂದು ವಿವರಿಸಲು ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಹೆಚ್ಚೇ ಸ್ಥಳ ಕೋರುತ್ತೇನೆ.

ಮೊದಲು ಅನುಭವದ ಮಾತು. ಅರವತ್ತೆರಡನೆಯ ವಯಸ್ಸಿನಲ್ಲಿ, ‘ಅಜ್ಜ, ಇದನ್ನೆಲ್ಲ ಪಾಠ ಮಾಡ್ತಿದ್ದವರು ನೀವೇ ಅಲ್ವಾ’ ಎಂಬ ಮೊಮ್ಮಗಳ ಮೂದಲಿಕೆಗೆ ಉತ್ತರ ಹೊಳೆಯದೆ, ನಾನೂ ಒಮ್ಮೆ ಇಂಥ ಕಂಬವನ್ನೇರಿದ್ದೇನೆ. ಚಪ್ಪಲಿಯನ್ನೂ ಕನ್ನಡಕವನ್ನೂ ಕೆಳಗೆ ಬಿಡಿಸಿದ್ದರಿಂದ ಮೇಲಿನಿಂದ ಕಾಣಬೇಕಾಗಿದ್ದ ನೋಟವೆಲ್ಲ ನನ್ನ ಪಾಲಿಗೆ ಮಸುಕು ಹಸಿರು ಮಾತ್ರ. ಏರುವಾಗ ಭಯವಿರಲಿಲ್ಲ, ಪಕ್ಕದವರೊಡನೆ ಮಾತೂ ನಡೆದಿತ್ತು. ತುದಿ ಮುಟ್ಟಿ ನಿಂತ ಮೇಲೆ ಮಾತು ತಾನಾಗಿ ನಿಂತಿತು. ಕೆಳಗೆ ಬಿಡುವುದು ಖಚಿತ, ಯಾವ ಕ್ಷಣದಲ್ಲಿ ಎಂಬುದು ಮಾತ್ರ ತಿಳಿಯದು. ಆ ಕೆಲವು ಸೆಕೆಂಡುಗಳಷ್ಟು ಉದ್ದದ ಸಮಯವನ್ನು ನಾನು ಪರೀಕ್ಷಾ ಕೊಠಡಿಗಳಲ್ಲಿಯೂ ಕಂಡಿಲ್ಲ. ಅನಂತರ ನಡೆದದ್ದು ನಾನು ಊಹಿಸಿಕೊಂಡಂತಿರಲಿಲ್ಲ. ನಾನು ಬಿದ್ದೆ ಎನ್ನಿಸಲಿಲ್ಲ. ನನ್ನ ಕೆಳಗಿನ ಕುರ್ಚಿಯೇ ಇಲ್ಲವಾಯಿತು ಎನ್ನಿಸಿತು. ಕೂಗಬೇಕೆಂದುಕೊಂಡೆ, ಕೂಗು ಗಂಟಲಿನಿಂದ ಹೊರಟಾಗ ಯಾರೋ ಹೆಗಲ ಮೇಲೆ ಅಕ್ಕಿ ಮೂಟೆ ಹೊರಿಸಿದಂತಾಗಿ, ಅಷ್ಟರಲ್ಲಿ ಆಟವೇ ಮುಗಿದಿತ್ತು.

ಕುರ್ಚಿ ಇಲ್ಲವಾದಂತೆ ಅನ್ನಿಸುವುದು ಭ್ರಮೆಯಲ್ಲ. ನಾವು ನಮ್ಮ ತೂಕವೆಂದು ತಿಳಿಯುವುದು ಭೂಮಿಯ ಸೆಳೆತವನ್ನಲ್ಲ, ಆ ಸೆಳೆತಕ್ಕೆ ಎದುರಾಗಿ ನೆಲವೋ ಕುರ್ಚಿಯೋ ನಮ್ಮನ್ನು ಮೇಲಕ್ಕೆ ಒತ್ತುವುದನ್ನು. ಕುರ್ಚಿಯೂ ನಮ್ಮಷ್ಟೇ ವೇಗದಲ್ಲಿ ಬೀಳತೊಡಗಿದರೆ ಒತ್ತುವವರೇ ಇರುವುದಿಲ್ಲ. ತರಗತಿಯಲ್ಲಿ ಇದನ್ನು ತೋರಿಸಲು ನಾನು ಪ್ಲಾಸ್ಟಿಕ್ ಬಾಟಲಿಯ ತಳದ ಬಳಿ ತೂತು ಕೊರೆದು, ನೀರು ತುಂಬಿಸಿ, ಕಾಲೇಜಿನ ಮೊದಲ ಮಹಡಿಯಿಂದ ಬಿಡುತ್ತಿದ್ದೆ. ಕೈಯಲ್ಲಿರುವವರೆಗೆ ಚಿಮ್ಮುತ್ತಿದ್ದ ನೀರು, ಬಾಟಲಿ ಕೈಬಿಟ್ಟ ಕ್ಷಣವೇ ತೂತಿನಲ್ಲಿ ನಿಂತುಬಿಡುತ್ತಿತ್ತು. ನೆಲಕ್ಕೆ ಬೀಳುವವರೆಗೆ ಒಂದು ಹನಿಯೂ ಹೊರಬರುತ್ತಿರಲಿಲ್ಲ. ಬೀಳುವ ಮನುಷ್ಯನಿಗೆ ತನ್ನ ತೂಕ ತಿಳಿಯದೆಂಬ ಇದೇ ವಿಚಾರ 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕುಳಿತಿದ್ದ ಐನ್‌ಸ್ಟೈನರಿಗೆ ಹೊಳೆದು, ಅವರ ಗುರುತ್ವ ಸಿದ್ಧಾಂತಕ್ಕೆ ದಾರಿಯಾಯಿತು. ಅವರು ಅದನ್ನು ತಮ್ಮ ಬದುಕಿನ ಅತ್ಯಂತ ಸಂತಸದ ಆಲೋಚನೆ ಎಂದು ಕರೆದುಕೊಂಡರು. ನನ್ನ ಪಕ್ಕದಲ್ಲಿ ಕುಳಿತಿದ್ದವರು ಅದನ್ನು ಒಪ್ಪುತ್ತಿರಲಿಲ್ಲವೆಂದು ಕಾಣುತ್ತದೆ.

‘ಜೀವ ಬಾಯಿಗೆ ಬಂತು’ ಎಂದು ನಾವು ಹೇಳುವ ಮಾತಿಗೂ ಇಲ್ಲಿ ಒಂದು ಅಂಗರಚನೆಯ ಆಧಾರವಿದೆ. ಜಠರವೂ ಕರುಳೂ ಹೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟ ವಸ್ತುಗಳಲ್ಲ; ತಮ್ಮ ಭಾರದಿಂದ ಒಂದರ ಮೇಲೊಂದು ಒರಗಿ ತೂಗುಬಿದ್ದಿರುತ್ತವೆ. ತೂಕ ಹೋದಾಗ ಆ ಒರಗುವಿಕೆ ಸಡಿಲವಾಗಿ ಅವು ಸ್ವಲ್ಪ ಮೇಲಕ್ಕೆ ಸರಿಯುತ್ತವೆ. ಅದೇ ಹೊತ್ತಿಗೆ ಒಳಗಿವಿಯಲ್ಲಿ ಮೇಲು ಕೆಳಗುಗಳನ್ನು ಅರಿಯಲೆಂದು ಇರುವ ಸುಣ್ಣದ ಸಣ್ಣ ಹರಳುಗಳೂ ತಮ್ಮ ಭಾರ ಕಳೆದುಕೊಳ್ಳುವುದರಿಂದ, ಕಣ್ಣು ನೆಲ ಧಾವಿಸಿ ಬರುತ್ತಿದೆ ಎನ್ನುವಾಗ ಕಿವಿ ಕೆಳಗೆಂಬುದೇ ಇಲ್ಲ ಎನ್ನುತ್ತದೆ.

ಕೆಳಗಿನಿಂದ ಮೇಲಕ್ಕೆ ಚಿಮ್ಮಿಸುವ ಗೋಪುರಗಳೂ ಇವೆ. ಅವುಗಳಲ್ಲಿ ಹಲವು ನಡೆಯುವುದು ಒತ್ತಿ ತುಂಬಿದ ಗಾಳಿಯಿಂದ: ಉದ್ದನೆಯ ಸಿಲಿಂಡರಿನ ಮೇಲ್ತುದಿಗೆ ಗಾಳಿಯನ್ನು ಒಮ್ಮೆಲೇ ನುಗ್ಗಿಸಿದರೆ ಒಳಗಿನ ಪಿಸ್ಟನ್ ಕೆಳಗಿಳಿಯುತ್ತದೆ, ಅದಕ್ಕೆ ಕಟ್ಟಿ ರಾಟೆಯ ಮೇಲೆ ಹಾಯಿಸಿದ ಉಕ್ಕಿನ ಹಗ್ಗ ಕುರ್ಚಿಗಳನ್ನು ಮೇಲಕ್ಕೆ ಸೆಳೆಯುತ್ತದೆ. ಬಾವಿಯಿಂದ ಕೊಡ ಸೇದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿಗಳು ಹಿಂದಿರುಗಿ ಬೀಳುವಾಗ ಪಿಸ್ಟನ್ ಮೇಲೇರಿ ಅದೇ ಗಾಳಿಯನ್ನು ಅದುಮುವುದರಿಂದ, ಚಿಮ್ಮಿಸಿದ ಗಾಳಿಯೇ ಮೆತ್ತೆಯಾಗಿ, ಆಟ ಎರಡು ಮೂರು ಸಲ ಪುಟಿದು ನಿಲ್ಲುತ್ತದೆ. ಅಮೆರಿಕದ ಲಾಸ್ ವೇಗಸ್‌ನ ಸ್ಟ್ರಾಟೋಸ್ಫಿಯರ್ ಗೋಪುರದ ನೆತ್ತಿಯಲ್ಲಿ 1996ರಿಂದ ಇರುವ ‘ಬಿಗ್ ಶಾಟ್’ ಈ ಬಗೆಯದು; ಅದು ಜನರನ್ನು ಸುಮಾರು 49 ಮೀಟರ್ ಮೇಲಕ್ಕೆಸೆದು, ನೆಲದಿಂದ 329 ಮೀಟರ್ ಎತ್ತರಕ್ಕೆ ಒಯ್ಯುತ್ತದೆ.

ಇಲ್ಲಿ ನನ್ನ ವಿದ್ಯಾರ್ಥಿಗಳು ವರ್ಷವರ್ಷವೂ ಎಡವುತ್ತಿದ್ದ ಒಂದು ಅಂಶವಿದೆ. ತೂಕ ಇಲ್ಲವಾಗುವುದು ಕೆಳಗೆ ಬೀಳುವಾಗ ಮಾತ್ರ ಎಂದು ಅವರು ಬರೆಯುತ್ತಿದ್ದರು. ಚಿಮ್ಮಿಸುವ ಒತ್ತಡ ನಿಂತ ಕ್ಷಣದಿಂದಲೇ, ಕುರ್ಚಿ ಇನ್ನೂ ಮೇಲಕ್ಕೆ ಹೋಗುತ್ತಿರುವಾಗಲೇ, ತೂಕ ಹೋಗಿರುತ್ತದೆ. ಏರುವ ಹಾದಿಯೂ ಇಳಿಯುವ ಹಾದಿಯೂ ಆ ಲೆಕ್ಕದಲ್ಲಿ ಒಂದೇ. ಜರ್ಮನಿಯ ಬ್ರೆಮೆನ್‌ನಲ್ಲಿ ವಿಜ್ಞಾನದ ಪ್ರಯೋಗಗಳಿಗೆಂದೇ ಕಟ್ಟಿರುವ 146 ಮೀಟರಿನ ಗೋಪುರ ಈ ಸತ್ಯವನ್ನು ಲಾಭಕ್ಕೆ ಬಳಸಿಕೊಂಡಿದೆ. ಗಾಳಿ ತೆಗೆದ ಕೊಳವೆಯಲ್ಲಿ ಉಪಕರಣದ ಪೆಟ್ಟಿಗೆಯನ್ನು ಮೇಲಿನಿಂದ ಬಿಟ್ಟರೆ 4.74 ಸೆಕೆಂಡುಗಳ ತೂಕರಹಿತ ಸ್ಥಿತಿ ಸಿಗುತ್ತದೆ. ಕೆಳಗಿನಿಂದ ಚಿಮ್ಮಿಸಿದರೆ ಏರಿಕೆ, ಇಳಿಕೆ ಎರಡೂ ಸೇರಿ 9 ಸೆಕೆಂಡುಗಳಿಗೂ ಹೆಚ್ಚು. ಪೆಟ್ಟಿಗೆ ಕೊನೆಗೆ ಬೀಳುವುದು ಥರ್ಮಾಕೋಲ್ ಕಾಳು ತುಂಬಿದ ತೊಟ್ಟಿಯೊಳಕ್ಕೆ.

ಮನುಷ್ಯರನ್ನು ಥರ್ಮಾಕೋಲಿನಲ್ಲಿ ಬೀಳಿಸಲಾಗದು. ಅದಕ್ಕೆ ಕಂಡುಕೊಂಡಿರುವ ಉಪಾಯವೇ ಈ ಆಟದ ಅತ್ಯಂತ ಸೊಗಸಾದ ಭಾಗವೆಂದು ನನ್ನ ಭಾವನೆ. ತಾಮ್ರದ ಕೊಳವೆಯೊಳಗೆ ಒಂದು ಬಲವಾದ ಕಾಂತವನ್ನು ಬಿಟ್ಟು ನೋಡಿ: ತಾಮ್ರಕ್ಕೆ ಕಾಂತ ಅಂಟುವುದಿಲ್ಲ, ಆದರೂ ಅದು ಜೇನಿನೊಳಗೆ ಇಳಿದಂತೆ ನಿಧಾನವಾಗಿ ಇಳಿಯುತ್ತದೆ. ಚಲಿಸುವ ಕಾಂತವು ತಾಮ್ರದಲ್ಲಿ ಸುಳಿಸುಳಿಯಾದ ವಿದ್ಯುತ್ ಪ್ರವಾಹವನ್ನು ಎಬ್ಬಿಸುತ್ತದೆ. ಆ ಪ್ರವಾಹ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ ಎಂಬ ನಿಯಮವನ್ನು ಭೌತವಿಜ್ಞಾನಿ ಲೆನ್ಜ್ 1834ರಲ್ಲಿ ನಿರೂಪಿಸಿದರು. ಇಂದಿನ ದೊಡ್ಡ ಡ್ರಾಪ್ ಟವರುಗಳ ಬ್ರೇಕ್ ಇದೇ. ಕುರ್ಚಿಗಳ ಬಂಡಿಯ ಮೇಲೆ ಶಾಶ್ವತ ಕಾಂತಗಳು, ಕಂಬದ ಕೆಳಭಾಗದಲ್ಲಿ ತಾಮ್ರ ಮಿಶ್ರಲೋಹದ ಪಟ್ಟಿಗಳು. ಒಂದಕ್ಕೊಂದು ತಾಗುವುದೇ ಇಲ್ಲ, ಆದ್ದರಿಂದ ಉಜ್ಜಿ ಸವೆಯುವುದೂ ಇಲ್ಲ. ಸರದಿಯಲ್ಲಿ ನಿಂತಿದ್ದ ತಾಯಿಯೊಬ್ಬರು ‘ಬೀಳುವಾಗ ಕರೆಂಟ್ ಹೋದರೆ ಏನು ಗತಿ?’ ಎಂದು ಕೇಳುತ್ತಿದ್ದರು. ಈ ಬ್ರೇಕಿಗೆ ಕರೆಂಟೇ ಬೇಡ. ಅದನ್ನು ಆನ್ ಮಾಡಲು ಮರೆಯುವ ಪ್ರಶ್ನೆಯೂ ಇಲ್ಲ, ಏಕೆಂದರೆ ಅದನ್ನು ಆಫ್ ಮಾಡಲು ಬರುವುದಿಲ್ಲ. ವೇಗವಿದ್ದರೆ ಮಾತ್ರ ತಡೆ ಹುಟ್ಟುವುದರಿಂದ ಬಂಡಿಯನ್ನು ಪೂರ್ತಿಯಾಗಿ ನಿಲ್ಲಿಸುವ ಶಕ್ತಿ ಮಾತ್ರ ಇದಕ್ಕಿಲ್ಲ. ಕೊನೆಯಲ್ಲಿ ಬಂಡಿ ಮೆಲ್ಲನೆ ಇಳಿದು ತಳದ ಮೆತ್ತೆಯ ಮೇಲೆ ಕೂರುತ್ತದೆ.

ಹಾಗಾದರೆ ಅಪಾಯ ಎಲ್ಲಿದೆ? ಒಂದು ಸಣ್ಣ ಲೆಕ್ಕ ಮಾಡೋಣ. 40 ಮೀಟರಿನ ಹಾದಿಯಲ್ಲಿ ಬಂಡಿ 25 ಮೀಟರ್ ಮುಕ್ತವಾಗಿ ಬಿದ್ದು, ಉಳಿದ 15 ಮೀಟರಿನಲ್ಲಿ ಸಮನಾಗಿ ತಡೆಯಲ್ಪಡುತ್ತದೆ ಎಂದಿಟ್ಟುಕೊಳ್ಳಿ. ಬೀಳುವ ಸಮಯ ಎರಡೂಕಾಲು ಸೆಕೆಂಡು, ತಲುಪುವ ವೇಗ ಗಂಟೆಗೆ ಸುಮಾರು 80 ಕಿಲೊಮೀಟರ್. ಆ ಎರಡೂಕಾಲು ಸೆಕೆಂಡು ಸವಾರನೂ ಕುರ್ಚಿಯೂ ಜೊತೆಯಾಗಿ ಬೀಳುತ್ತಿರುವುದರಿಂದ ಅವನನ್ನು ಕುರ್ಚಿಯಿಂದ ಹೊರಗೆಳೆಯುವ ಬಲ ಅಷ್ಟಾಗಿ ಇರುವುದೇ ಇಲ್ಲ. ತಡೆ ಬಿದ್ದಾಗ ಮಾತ್ರ 60 ಕಿಲೊ ತೂಕದವನು 160 ಕಿಲೊ ತೂಗತೊಡಗುತ್ತಾನೆ. ಅಂದರೆ ದೇಹ ಕಂಬಿಯ ಕೆಳಗಿಂದ ಜಾರಲು ಹವಣಿಸುವುದು ನಾವು ಕಿರುಚುವ ಹೊತ್ತಿನಲ್ಲಲ್ಲ, ಸದ್ಯ ಉಳಿದೆವು ಎಂದು ಉಸಿರು ಬಿಡುವ ಹೊತ್ತಿನಲ್ಲಿ. (ಬೀಳುವಿಕೆಗಿಂತ ಹೆಚ್ಚಿನ ವೇಗದಲ್ಲಿ ಗಾಳಿಯ ಒತ್ತಡದಿಂದ ಕೆಳಗೆ ತಳ್ಳುವ ಗೋಪುರಗಳೂ ಇವೆ, ಅವುಗಳಲ್ಲಿ ಜನ ಕುರ್ಚಿಯಿಂದ ಮೇಲಕ್ಕೆದ್ದು ಹೆಗಲ ಕಂಬಿಗೆ ಒತ್ತಿಕೊಂಡೇ ಇಳಿಯುತ್ತಾರೆ.)

ಅಮೆರಿಕದ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊದಲ್ಲಿ 2022ರ ಮಾರ್ಚ್ 24ರಂದು ನಡೆದದ್ದು ಇದೇ. ಅಲ್ಲಿನ 131 ಮೀಟರ್ ಎತ್ತರದ ಗೋಪುರ ತೆರೆದು ಮೂರು ತಿಂಗಳಾಗಿತ್ತಷ್ಟೇ. ಹದಿನಾಲ್ಕು ವರ್ಷದ ಬಾಲಕನೊಬ್ಬ ಬಂಡಿ ನಿಧಾನಿಸುತ್ತಿರುವಾಗ ಕುರ್ಚಿಯಿಂದ ಜಾರಿ ಬಿದ್ದು ಮೃತಪಟ್ಟ. ಗೋಪುರ ಮುರಿದಿರಲಿಲ್ಲ, ಹಗ್ಗ ಹರಿದಿರಲಿಲ್ಲ, ಬ್ರೇಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಕಂಬಿ ಮುಚ್ಚಿದೆಯೇ ಎಂದು ನೋಡುವ ಸೆನ್ಸರಿನ ಹೊಂದಾಣಿಕೆಯನ್ನು ಆ ಕುರ್ಚಿಯಲ್ಲಿ ಕೈಯಿಂದ ಬದಲಿಸಲಾಗಿತ್ತು; ಹಾಗಾಗಿ ಕಂಬಿಗೂ ಕುರ್ಚಿಗೂ ನಡುವಿನ ತೆರವು ಸಾಮಾನ್ಯವಾಗಿ ಇರಬೇಕಾದುದರ ಸುಮಾರು ಎರಡರಷ್ಟಿದ್ದರೂ ಯಂತ್ರ ಸರಿಯಿದೆ ಎಂದೇ ಹೇಳಿತು. ತಯಾರಕರ ಕೈಪಿಡಿಯ ತೂಕದ ಮಿತಿ ಸುಮಾರು 130 ಕಿಲೊ, ಬಾಲಕನ ತೂಕ 170 ಕಿಲೊಗೂ ಹೆಚ್ಚು. ಅವನನ್ನು ಕೂರಿಸಬಾರದಿತ್ತೆಂಬುದು ಅವನು ತಿಳಿಯಬೇಕಾದ ವಿಷಯವಾಗಿರಲಿಲ್ಲ, ಕೂರಿಸುವವರು ತಿಳಿಯಬೇಕಾದುದಾಗಿತ್ತು. ಮರುವರ್ಷ ಆ ಗೋಪುರವನ್ನು ಕಳಚಿ ಹಾಕಿದರು. 100 ಅಡಿಗಿಂತ ಎತ್ತರದ ಇಂಥ ಆಟಗಳಲ್ಲಿ ಕಂಬಿಯ ಜೊತೆಗೆ ಬೆಲ್ಟೂ ಇರಬೇಕೆಂದು ಫ್ಲಾರಿಡಾ ರಾಜ್ಯ ಕಾನೂನು ಮಾಡಿತು. ಇದಕ್ಕೆ ಮುನ್ನ 2007ರಲ್ಲಿ ಕೆಂಟಕಿ ರಾಜ್ಯದ ಪಾರ್ಕಿನಲ್ಲಿ ಬಂಡಿಯನ್ನು ಎತ್ತುವ ಉಕ್ಕಿನ ಹಗ್ಗ ಹರಿದು ಸುತ್ತಿಕೊಂಡು, ಹದಿಮೂರು ವರ್ಷದ ಬಾಲಕಿಯ ಎರಡೂ ಪಾದಗಳು ತುಂಡಾಗಿದ್ದವು. ಅಲ್ಲಿಯೂ ಕೈಕೊಟ್ಟದ್ದು ಕಾಂತದ ಬ್ರೇಕ್ ಅಲ್ಲ.

ನಮ್ಮ ದೇಶದ ಮೇಳಗಳ ಕಥೆ ಬೇರೆ. ಅಲ್ಲಿನ ಕಂಬಗಳು ಇಂದು ಈ ಊರಿನಲ್ಲಿ, ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ. ಪ್ರತಿಸಲವೂ ಬಿಚ್ಚಿ, ಲಾರಿಗೇರಿಸಿ, ಮತ್ತೆ ಜೋಡಿಸಿದವು. 2022ರ ಸೆಪ್ಟೆಂಬರ್ 4ರಂದು ಪಂಜಾಬಿನ ಮೊಹಾಲಿಯ ಮೇಳದಲ್ಲಿ ಸುಮಾರು 50 ಅಡಿ ಎತ್ತರದಿಂದ ಇಂಥ ಬಂಡಿ ನೇರವಾಗಿ ಕೆಳಕ್ಕೆ ಅಪ್ಪಳಿಸಿ, ಆ ರಭಸಕ್ಕೆ ಜನ ಕುರ್ಚಿಗಳಿಂದ ಪುಟಿದು ಬಿದ್ದರು. 2023ರ ಜೂನ್‌ನಲ್ಲಿ ಅಜ್ಮೇರದ ಮೇಳದಲ್ಲಿ ಹಗ್ಗ ಹರಿದು ಮತ್ತೆ ಅಂಥದೇ ಅವಘಡವಾಯಿತು. ಆರ್ಲ್ಯಾಂಡೊದ ಗೋಪುರದ ಮುಂದೆ ಇವು ಗಿಡ್ಡ ಕಂಬಗಳು. ಎತ್ತರವನ್ನು ನೋಡಿ ಹೆದರುವ ಅಥವಾ ಗಿಡ್ಡವೆಂದು ನಿಶ್ಚಿಂತರಾಗುವ ನಮ್ಮ ರೂಢಿ ಎಷ್ಟು ಹುಸಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಜಾತ್ರೆಯ ತೊಟ್ಟಿಲಿಗೆ ಮಕ್ಕಳನ್ನು ಹತ್ತಿಸುವಾಗ ಅಡ್ಡಗಂಬಿಯನ್ನು ಎಳೆದು ನೋಡುವ ಅಭ್ಯಾಸ ನಮ್ಮ ಹಿರಿಯರಿಗಿತ್ತು. ಹೊಸ ಯಂತ್ರದ ಬಣ್ಣದ ದೀಪಗಳ ಮುಂದೆ ಅದು ಮರೆತುಹೋದಂತಿದೆ.

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ಇಂಥ ಪ್ರತಿ ಆಟದ ಸರದಿಯ ಬಾಯಿಯಲ್ಲಿ, ಟಿಕೆಟ್ ಕೊಳ್ಳುವುದಕ್ಕೆ ಮೊದಲೇ ಕಾಣುವಂತೆ, ಕನ್ನಡದಲ್ಲಿ ಒಂದು ಫಲಕವಿರಲಿ. ತಯಾರಕರು ಹೇಳಿದ ತೂಕದ ಮಿತಿ, ಎತ್ತರದ ಮಿತಿ, ಬ್ರೇಕ್ ಯಾವ ಬಗೆಯದು, ಯಂತ್ರವನ್ನು ಕೊನೆಯ ಬಾರಿಗೆ ತಪಾಸಣೆ ಮಾಡಿದ ದಿನಾಂಕ ಇವಿಷ್ಟು ಅದರಲ್ಲಿರಲಿ. ಮಕ್ಕಳ ಎತ್ತರವನ್ನು ಅಳೆಯುವುದು ಅವರ ಧೈರ್ಯ ಅಳೆಯಲಿಕ್ಕಲ್ಲ, ಕಂಬಿ ಅವರ ಮೈಗೆ ಕೂರುವುದೇ ಎಂದು ತಿಳಿಯಲಿಕ್ಕೆ ಎಂಬ ಒಂದು ಸಾಲೂ ಇದ್ದರೆ, ಹೆಬ್ಬೆರಳ ಮೇಲೆ ನಿಲ್ಲಿಸಿ ಮಗುವನ್ನು ಒಳಗೆ ನುಗ್ಗಿಸುವ ಅಪ್ಪಂದಿರು ಒಂದಿಷ್ಟು ಕಡಿಮೆಯಾದಾರು. ಸರದಿಯ ಹೊರಗೇ ಒಂದು ಮಾದರಿ ಕುರ್ಚಿ ಇಟ್ಟರಂತೂ ದಪ್ಪ ಮೈಯವರು ಎಲ್ಲರೆದುರು ಎದ್ದು ಹೋಗುವ ಮುಜುಗರವಿಲ್ಲದೆ ಮೊದಲೇ ಕೂತು ನೋಡಿಕೊಳ್ಳಬಹುದು. ತಮ್ಮ ವರದಿಗಾರರು ಅವಘಡದ ಸ್ಥಳಕ್ಕೆ ಹೋದಾಗ ಕಂಬದ ಎತ್ತರದ ಜೊತೆಗೆ ಈ ಫಲಕವಿತ್ತೇ, ಬೆಲ್ಟ್ ಇತ್ತೇ, ಕಂಬಿ ಪರಿಶೀಲಿಸಲು ಎಷ್ಟು ಜನರಿದ್ದರು ಎಂಬುದನ್ನೂ ಕೇಳಿ ಬರೆಯಬೇಕೆಂದು ವಿನಂತಿ.

ನಾನು ಏರಿದ ದಿನ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಎಲ್ಲರ ಕಂಬಿಯನ್ನೂ ಒತ್ತಿ ನೋಡಿ, ಅನುಮಾನ ಬಂದು ನನ್ನ ಮೊಮ್ಮಗಳ ಬಳಿಗೆ ಮತ್ತೊಮ್ಮೆ ಬಂದು, ಕಂಬಿ ತನ್ನ ಬೀಗದ ಇನ್ನೊಂದು ಹಲ್ಲಿನಷ್ಟು ಕೆಳಗಿಳಿಯುವಂತೆ ಒತ್ತಿದ. ಸರದಿಯಿಂದ ಯಾರೋ ‘ಬೇಗ ಬಿಡಪ್ಪ, ಹೊತ್ತಾಗುತ್ತೆ’ ಎಂದು ಕೂಗಿದರು. ಅವನು ತಿರುಗಿಯೂ ನೋಡಲಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ,
ತುಮಕೂರು