ವಯನಾಡಿಗೆ ಸಾಮಾನು: ಶನಿವಾರ ಮಧ್ಯಾಹ್ನ 3ರೊಳಗೆ ತನ್ನಿ

ಎಲ್ಲರಿಗೂ ನಮಸ್ಕಾರ. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದದ್ದು ಗೊತ್ತಲ್ವಾ. ಟೀ ತೋಟದ ಕೂಲಿ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಶಿಬಿರ ಸೇರಿವೆ.

ನಮ್ಮ ಲಾರಿ ಶನಿವಾರ (ಆಗಸ್ಟ್ 3) ಸಂಜೆ 4ಕ್ಕೆ ಮೈಸೂರು ಬಿಡುತ್ತದೆ. ರಾತ್ರಿ 9ಕ್ಕೆ ಬಂಡೀಪುರದ ರಸ್ತೆ ಬಂದ್, ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೇ. ತಡ ಮಾಡಬೇಡಿ.

ಹೊಸ ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಬೆಡ್‌ಶೀಟ್, ಟಾರ್ಚ್ ಸಾಕು. ಹಳೆ ಬಟ್ಟೆ ದಯವಿಟ್ಟು ಬೇಡ. 2018ರಲ್ಲಿ ಕೊಡಗಿಗೆ ಕಳಿಸುವಾಗ ಒಂದು ಮೂಟೆ ತುಂಬ ಗುಂಡಿ ಕಿತ್ತ ಶರ್ಟು, ಹರಿದ ಸೀರೆ. ಮನೆ ಕಳಕೊಂಡವರಿಗೆ ಅದನ್ನು ಕೊಡಲು ಕೈ ಬರಲಿಲ್ಲ.

ಡಬ್ಬದ ಮೇಲೆ ಸಾಮಾನಿನ ಹೆಸರು, ಅಳತೆ ಬರೆಯಿರಿ. ಸಮುದಾಯ ಭವನಕ್ಕೆ ತನ್ನಿ. ಲೋಡ್ ಮಾಡಲು ನಾಲ್ಕು ಜನ ಬೇಕು. ಏನು ತರುತ್ತೀರಿ, ಯಾರು ಬರುತ್ತೀರಿ ಅಂತ ಇವತ್ತು ರಾತ್ರಿಯೊಳಗೆ ಇಲ್ಲೇ ತಿಳಿಸಿ.