ಒಪ್ಪದೇ ಇದ್ದರೂ ಜೊತೆಗೆ ನಿಂತವರಿಗೆ

ಮಗಳಿಗೆ ಪಿಯು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕಾಮರ್ಸ್. ಫೀಸು ಕಟ್ಟಿ ರಸೀದಿ ತಗೊಂಡು ಬಂದಾಯ್ತು. ಇಷ್ಟಕ್ಕೆ ಇಷ್ಟುದ್ದ ಬರಹ ಯಾಕೆ ಅಂತ ನಮ್ಮನ್ನು ಹೊಸದಾಗಿ ನೋಡುತ್ತಿರುವವರು ಕೇಳಬಹುದು, ಬೆಂಗಳೂರಲ್ಲಿ ಪ್ರತಿ ವರ್ಷ ಸಾವಿರಾರು ಮಕ್ಕಳು ಪಿಯುಸಿಗೆ ಸೇರ್ತಾರೆ ಅಲ್ವಾ. ವಿಷಯ ಏನಂದ್ರೆ, ಇವಳು ನಾಲ್ಕನೇ ಕ್ಲಾಸಿನ ನಂತರ ಶಾಲೆಗೆ ಹೋಗಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ಆಮೇಲೆ ತೆರೆದವು, ನಾವು ವಾಪಸ್ ಕಳಿಸಲಿಲ್ಲ. ಮನೆಯಲ್ಲೇ ಕಲಿತಳು. ಎನ್‌ಐಓಎಸ್‌ನಲ್ಲಿ (ಶಾಲೆಗೆ ಹೋಗದೆ ಓದಿ ಪರೀಕ್ಷೆ ಬರೆಯಬಹುದಾದ ಓಪನ್ ಸ್ಕೂಲ್) ಹತ್ತನೇ ತರಗತಿಯ ಪರೀಕ್ಷೆ ಬರೆದು ಪಾಸಾದಳು.

ನಮ್ಮ ನಿರ್ಧಾರವನ್ನು ಮೊದಲಿನಿಂದ ಮೆಚ್ಚಿಕೊಂಡವರು ಕೆಲವರಿದ್ದಾರೆ. ಅವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳಿಯಾಗಿದೆ. ಈ ಬರಹ ಉಳಿದವರಿಗೆ. "ಇದೆಂಥಾ ಹುಚ್ಚು" ಅಂತ ಮುಖದ ಮೇಲೇ ಹೇಳಿ, ಮಾರನೇ ದಿನ ಕೈಲಿ ಏನಾದರೂ ಹಿಡಿದುಕೊಂಡು ಸಹಾಯಕ್ಕೆ ಬಂದವರಿಗೆ. ನಮ್ಮ ಹನುಮಂತನಗರದ ಬೀದಿಯಲ್ಲಿ ಅಂಥವರೇ ಜಾಸ್ತಿ.

ಮೊದಲು ಅತ್ತೆ. ಅವರ ಹಳ್ಳಿಯಲ್ಲಿ ಹೈಸ್ಕೂಲ್ ಇರಲಿಲ್ಲ, ಏಳನೇ ಕ್ಲಾಸಿಗೆ ಓದು ನಿಂತುಹೋಯಿತು. ಅದರ ಬೇಸರ ಅವರಿಗೆ ಈಗಲೂ ಇದೆ. ಅಂಥವರ ಮುಂದೆ, ಮನೆ ಪಕ್ಕದಲ್ಲೇ ಇರುವ ಶಾಲೆಯನ್ನು ಬೇಡ ಅನ್ನುವ ಸೊಸೆ ನಿಂತರೆ ಅವರಿಗೆ ಹೇಗನ್ನಿಸಬೇಡ? ಮೂರು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತೇ ಆಡಲಿಲ್ಲ. ಆದರೆ ಬೆಳಿಗ್ಗೆ ಸೊಪ್ಪು ಬಿಡಿಸಲು ಕೂತಾಗ ಮೊಮ್ಮಗಳನ್ನು ಕೂಗಿ ಪೇಪರ್ ಓದಿಸೋರು. ಜೋರಾಗಿ ಓದಬೇಕು. ಸಂಪಾದಕೀಯದಿಂದ ಶುರು ಮಾಡಿ ಶ್ರದ್ಧಾಂಜಲಿ ಜಾಹೀರಾತಿನವರೆಗೆ. ಹ ಬದಲು ಅ ಅಂದರೆ ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿಂದ. ಳಕಾರಕ್ಕೂ ಅಷ್ಟೇ ಶಿಕ್ಷೆ. ಕನ್ನಡದ ಉತ್ತರ ಪತ್ರಿಕೆಯಲ್ಲಿ ಅವಳಿಗೆ ಬಂದ ಅಂಕದಲ್ಲಿ ನನ್ನ ಪಾಲು ಒಂದೂ ಇಲ್ಲ, ಎಲ್ಲಾ ಆ ಸೊಪ್ಪಿನ ಮೊರದ ಮುಂದೆ ಬಂದದ್ದು.

ಮಗನಿಗೆ ಭಿನ್ನರಾಶಿ ಹೇಳಿಕೊಟ್ಟವರೂ ಅವರೇ. ನಾನು ಯೂಟ್ಯೂಬ್ ನೋಡಿ ಬಣ್ಣದ ಕಾಗದ ಕತ್ತರಿಸಿ ಕೂತಿದ್ದೆ. ಅವರು ಒಳಗಿಂದ ಹಳೇ ಪಾವು, ಅಚ್ಚೇರು, ಸೇರು ತಂದು ಅಕ್ಕಿ ಡಬ್ಬದ ಮುಂದೆ ಇಟ್ಟರು. ಎರಡು ಪಾವು ಒಂದು ಅಚ್ಚೇರು, ನಾಲ್ಕು ಪಾವು ಒಂದು ಸೇರು. ಮುಕ್ಕಾಲು ಸೇರಿಗೆ ಎಷ್ಟು ಪಾವು? ಹುಡುಗ ಅಳೆದು ನೋಡಿ ಹೇಳಿದ. ಆಮೇಲೆ ಕಾಗದದ ಮೇಲೆ ಬರೆದಾಗ ಅವನಿಗೆ ಹೆದರಿಕೆಯೇ ಆಗಲಿಲ್ಲ. ಕಾರ್ತಿಕದ ಕೊನೇ ಸೋಮವಾರ ದೊಡ್ಡ ಬಸವನ ಗುಡಿ ಹತ್ತಿರ ಕಡಲೆಕಾಯಿ ಪರಿಷೆಗೆ ಹೋದಾಗ, ವ್ಯಾಪಾರಿ ಸೇರಿನ ತುದಿಯಲ್ಲಿ ಗೋಪುರ ಕಟ್ಟಿಲ್ಲ ಅಂತ ಜಗಳಕ್ಕೇ ನಿಂತ. ಅಜ್ಜಿಗೆ ಅವತ್ತು ಮೊಮ್ಮಗನ ಮೇಲೆ ಎಲ್ಲಿಲ್ಲದ ಪ್ರೀತಿ.

ಅತ್ತೆ ಈಗಲೂ ಒಪ್ಪಿಲ್ಲ. ರಿಸಲ್ಟ್ ಬಂದ ದಿನ ದೇವರ ಮುಂದೆ ದೀಪ ಹಚ್ಚಿ, ಮೊಮ್ಮಗಳಿಗೆ ಸಕ್ಕರೆ ತಿನ್ನಿಸಿ, ನನ್ನ ಕಡೆ ತಿರುಗಿ "ಇವನನ್ನಾದ್ರೂ ಸ್ಕೂಲಿಗೆ ಸೇರ್ಸಮ್ಮಾ" ಅಂದರು. ಅತ್ತೆ, ನಿಮಗೆ ಎಷ್ಟು ಸಲ ನಮಸ್ಕಾರ ಮಾಡಿದರೂ ಸಾಲದು.

ಎರಡನೆಯದು ನಮ್ಮ ಮನೆಕೆಲಸಕ್ಕೆ ಬರುವ ಅಕ್ಕ. ಅವರು ಮೊದಲನೇ ವಾರವೇ ಪಾತ್ರೆ ತೊಳೀತಾ ಕೇಳಿದ್ದರು, "ಅಕ್ಕಾ, ನಮ್ ಮಕ್ಳಿಗೆ ಸ್ಕೂಲಿಲ್ಲ ಅಂದ್ರೆ ಕಷ್ಟ, ನಿಮಗೆ ಸ್ಕೂಲೇ ಕಷ್ಟಾನಾ?" ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಒಬ್ಬರ ಸಂಬಳದಲ್ಲಿ ಮನೆ ನಡೆಯುತ್ತೆ, ಮನೆಯಲ್ಲಿ ಓದಿದವರಿದ್ದಾರೆ, ಇಂಟರ್ನೆಟ್ ಇದೆ, ಹಾಗಾಗಿ ನಮಗೆ ಇದು ಸಾಧ್ಯವಾಯಿತು. ಶಾಲೆ ಬಿಡಿಸಿ ಅಂತ ನಾನು ಯಾರಿಗೂ ಹೇಳಲ್ಲ, ಹೇಳುವವರನ್ನು ಕಂಡರೆ ಸ್ವಲ್ಪ ಸಿಟ್ಟೇ ಬರುತ್ತೆ. ಮಧ್ಯಾಹ್ನದ ಬಿಸಿಯೂಟಕ್ಕೆ ಶಾಲೆಗೆ ಹೋಗುವ ಮಗುವಿನ ತಾಯಿ ಮುಂದೆ ಆ ಮಾತು ಆಡೋಕಾಗುತ್ತಾ?

ಆ ಅಕ್ಕನ ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಎಸ್‌ಎಸ್‌ಎಲ್‌ಸಿ ಓದುತ್ತಿದ್ದಳು. ಸಂಜೆ ಅಮ್ಮನನ್ನು ಕರೆದುಕೊಂಡು ಹೋಗಲು ಬಂದವಳು ನಮ್ಮ ಊಟದ ಟೇಬಲ್ ಮೇಲೆ ಪುಸ್ತಕ ಬಿಚ್ಚಲು ಶುರು ಮಾಡಿದಳು. ನನ್ನ ಮಗಳು ಓಮ್‌ನ ನಿಯಮವನ್ನು ಬಾಯಿಪಾಠ ಹೇಳುತ್ತಿದ್ದಳು, ಅಕ್ಕನ ಮಗಳು ಲ್ಯಾಬಿನಲ್ಲಿ ತಾನೇ ವೈರ್ ಜೋಡಿಸಿ ಮೀಟರ್ ಓದಿದ್ದಳು. ಪ್ರತಿರೋಧ ಎರಡು ಪಟ್ಟಾದರೆ ಕರೆಂಟು ಅರ್ಧ ಆಗುತ್ತೆ ಅನ್ನುವುದನ್ನು ಅವಳು ಎಸ್‌ಪಿ ರೋಡಿನಿಂದ ತಂದ ಎರಡು ರೆಸಿಸ್ಟರ್, ಒಂದು ಬ್ಯಾಟರಿ, ಒಂದು ಅಗ್ಗದ ಮೀಟರ್ ಇಟ್ಟುಕೊಂಡು ತೋರಿಸಿದಳು. ನನ್ನ ಮಗಳು ಅವಳಿಗೆ ಇಂಗ್ಲಿಷ್ ಪತ್ರ ಬರೆಯುವುದನ್ನು ಹೇಳಿಕೊಟ್ಟಳು. ಯಾರಿಂದ ಯಾರಿಗೆ ಜಾಸ್ತಿ ಲಾಭ ಆಯ್ತು ಅಂತ ಲೆಕ್ಕ ಹಾಕಿದರೆ ನಾವೇ ಬಾಕಿ. ಪುಟ್ಟಿ, ನೀನೂ ಕಾಲೇಜಿಗೆ ಸೇರಿದ್ದೀಯ, ಸಂಜೆ ಬರೋದು ಮಾತ್ರ ನಿಲ್ಲಿಸಬೇಡ.

ಮೇಲಿನ ಮನೆ ಅಂಕಲ್. ಬ್ಯಾಂಕಿನಿಂದ ರಿಟೈರ್ ಆದವರು. "ಏನಮ್ಮಾ, ಮಕ್ಕಳ ಭವಿಷ್ಯ ಅಂದ್ರೆ ಹುಡುಗಾಟಾನಾ?" ಅಂತ ಮೆಟ್ಟಿಲ ಮೇಲೇ ನಿಲ್ಲಿಸಿ ಬೈದವರು. ಬೈದು ಮುಗಿದ ಮೇಲೆ, ಲೆಕ್ಕ ಯಾರು ಹೇಳಿಕೊಡ್ತಾರೆ ಅಂತ ಕೇಳಿದರು. ನಾನು ಸುಮ್ನೆ ನಿಂತೆ. ಸೋಮವಾರದಿಂದ ಕಳಿಸು ಅಂದರು. ಕಂಡೀಷನ್ ಎರಡೇ: ಮೊಬೈಲ್ ತರಬಾರದು, ಐದೂವರೆಗೆ ಫಿಲ್ಟರ್ ಕಾಫಿ ಮೇಲಕ್ಕೆ ಬರಬೇಕು.

2024ರ ಬೇಸಿಗೆ ನೆನಪಿದೆಯಲ್ವಾ, ಬೋರ್‌ವೆಲ್‌ಗಳು ಒಣಗಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ್ದು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಅಂಕಲ್ ಪೇಪರ್ ಕಟ್ಟಿಂಗ್ ಹಿಡಿದು ಇಬ್ಬರೂ ಮಕ್ಕಳನ್ನು ಕೂರಿಸಿದರು. ಲೀಟರಿಗೆ ಎಷ್ಟು ಬೀಳುತ್ತೆ? ಚಿಕ್ಕದಕ್ಕೆ 10 ಪೈಸೆ, ದೊಡ್ಡದಕ್ಕೆ ಎಂಟೂ ಕಾಲಿಗೆ ಸ್ವಲ್ಪ ಮೇಲೆ. ಹಾಗಾದರೆ ದೊಡ್ಡದೇ ತರಿಸೋಣ ಅಂದ ಮಗ. ನಮ್ಮ ಸಂಪ್ ಎಷ್ಟು ಹಿಡಿಯುತ್ತೆ ಅಳೆದು ಬಾ ಅಂದರು. ಉದ್ದ, ಅಗಲ, ಆಳ, ಘನ ಮೀಟರ್‌ಗೆ 1,000 ಲೀಟರ್. ಪೂರ್ತಿ ಟ್ಯಾಂಕರ್ ಹಿಡಿಯಲ್ಲ ಅಂತ ಗೊತ್ತಾಗಿ, ಪಕ್ಕದ ಮನೆಯವರ ಜೊತೆ ಹಂಚಿಕೊಂಡರೆ ಯಾರು ಎಷ್ಟು ಕೊಡಬೇಕು ಅನ್ನುವವರೆಗೆ ಬಂತು. ಆ ರೇಟಿಗೆ ಟ್ಯಾಂಕರ್ ಸಿಗೋದು ಸುಲಭವಾಗಿರಲಿಲ್ಲ ಅನ್ನೋದು ಬೇರೆ ಪಾಠ. ಘನಫಲ, ಅನುಪಾತ, ಶೇಕಡಾ ಎಲ್ಲಾ ಒಂದೇ ವಾರದಲ್ಲಿ ಮುಗಿಯಿತು. ನೀರು ಮಾತ್ರ ಅಳತೆ ಮಾಡಿಯೇ ಬಳಸಬೇಕಾಯ್ತು, ಬಟ್ಟೆ ತೊಳೆದ ನೀರಲ್ಲಿ ಬಚ್ಚಲು, ಅಕ್ಕಿ ತೊಳೆದ ನೀರು ಗಿಡಕ್ಕೆ.

ಇನ್ನೊಬ್ಬರು, ಅವರ ಹೆಸರೂ ನನಗೆ ಗೊತ್ತಿಲ್ಲ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲು ಮನೆಮನೆಗೆ ಬಂದಿದ್ದ ಸರ್ಕಾರಿ ಶಾಲೆ ಟೀಚರ್. ನನ್ನ ಎದೆ ಢವಢವ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತೆ. ಸೇರಿಸದಿದ್ದರೆ ಪಾಲಕರಿಗೆ ಇಂಥಾ ಶಿಕ್ಷೆ ಅಂತ ಬರೆದಿಲ್ಲ. ಮನೆಯಲ್ಲೇ ಕಲಿಸುವುದರ ಬಗ್ಗೆ ಮಾತೇ ಇಲ್ಲ. ಈ ನಡುವಿನ ಜಾಗದಲ್ಲೇ ನಮ್ಮಂಥವರು ಬದುಕುತ್ತಿರೋದು. ಟೀಚರ್ ನೀರು ಕುಡಿದು, ಮಗಳ ನೋಟ್‌ಬುಕ್ ತಿರುವಿ, ಒಂದು ಪ್ಯಾರಾ ಓದಿಸಿದರು. "ಶಾಲೇಲಿದ್ರೆ ಇನ್ನೂ ಚೆನ್ನಾಗಿರೋದು" ಅಂದರು. ಆಮೇಲೆ, ಹದಿನಾಲ್ಕು ತುಂಬಿದ ಮೇಲೆ ಎನ್‌ಐಓಎಸ್‌ಗೆ ರಿಜಿಸ್ಟರ್ ಮಾಡಿಸಿ, ಕೊನೇ ದಿನಾಂಕದವರೆಗೆ ಕಾಯಬೇಡಿ ಅಂತ ಎಲ್ಲಾ ವಿವರ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮೇಡಂ, ನೀವು ಇದನ್ನು ಓದೋದು ಅನುಮಾನ. ಓದಿದರೆ, ನಿಮ್ಮ ಚೀಟಿ ನಮ್ಮ ಫ್ರಿಜ್ ಮೇಲೆ ವರ್ಷಗಟ್ಟಲೆ ಇತ್ತು.

ಬೀದಿ ಕೊನೆಯ ದಿನಸಿ ಅಂಗಡಿಯವರಿಗೂ ಥ್ಯಾಂಕ್ಸ್. ಗಿರಾಕಿ ಕಮ್ಮಿ ಇರುವ ಹೊತ್ತಲ್ಲಿ ಮಗನನ್ನು ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿ, ಬಾಯಲ್ಲೇ ಬಿಲ್ ಕೂಡಿಸಲು ಬಿಟ್ಟರು. (ಬಾಲಕಾರ್ಮಿಕ ಅಂತ ಯಾರೂ ದೂರು ಕೊಡಬೇಡಿ, ಸಂಬಳ ಒಂದು ಕಡಲೆ ಮಿಠಾಯಿ.) ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಲೈಬ್ರರಿ 1945ರಲ್ಲಿ ಶುರುವಾದ ಸಂಸ್ಥೆಯದ್ದು, ಅಲ್ಲಿ ಸುಮ್ಮನೆ ಕೂತು ಓದಲು ಬಿಟ್ಟಿದ್ದಕ್ಕೇ ಒಂದು ದೊಡ್ಡ ನಮಸ್ಕಾರ. ಬಿಎಂಟಿಸಿ ಕಂಡಕ್ಟರ್‌ಗಳಿಗೂ. ವಾರದ ಮಧ್ಯೆ ಹತ್ತು ಗಂಟೆಗೆ ಯೂನಿಫಾರ್ಮ್ ಇಲ್ಲದೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೊರಟ ಮಕ್ಕಳನ್ನು ನೋಡಿ "ಯಾಕ್ರೀ, ಇವತ್ತು ರಜಾನಾ?" ಅಂತ ಅವರು ಕೇಳೋದು, ಇಡೀ ಬಸ್ಸು ತಿರುಗಿ ನೋಡೋದು, ಅದಕ್ಕೆ ಒಗ್ಗಿಕೊಂಡೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ, ಮಗನಿಗೆ ಮಾತ್ರ ಅರ್ಧ ಟಿಕೆಟ್. ಇದು ಯಾವ ನ್ಯಾಯ ಅಂತ ಅವನು ಲಾಲ್‌ಬಾಗ್ ಬಂಡೆ ಮೇಲೆ ಕೂತು ಭಾಷಣವನ್ನೇ ಮಾಡಿದ್ದ. ಸುಮಾರು 300 ಕೋಟಿ ವರ್ಷ ಹಳೇ ಬಂಡೆ, ಪಾಪ, ಎಲ್ಲಾ ಕೇಳಿಸಿಕೊಂಡಿತು.

ಪರೀಕ್ಷೆಗೆ ಕೆಲವೇ ವಾರ ಇದ್ದಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಯ್ತು. ಹಗಲು ನಾನು ಆಸ್ಪತ್ರೆಯಲ್ಲಿ, ರಾತ್ರಿ ನಮ್ಮನೆಯವರು. ಮನೆಯೇ ಶಾಲೆ ಆಗಿದ್ದರಿಂದ ಮನೆ ನಿಂತರೆ ಶಾಲೆಯೂ ನಿಂತಂತೆ. ಆಗ ಪಕ್ಕದ ಮನೆ ಆಂಟಿ, ನಮ್ಮ ಬೆನ್ನ ಹಿಂದೆ ನಮ್ಮ ಬಗ್ಗೆ ಏನೇನು ಹೇಳ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು, ಅವರಿಗೂ ಗೊತ್ತು ನನಗೆ ಗೊತ್ತಿದೆ ಅಂತ, ಅವರೇ ಬಂದು ಮಗನ ಬಟ್ಟೆಬರೆ ಒಂದು ಬ್ಯಾಗಿಗೆ ತುಂಬಿ ಅವರ ಮನೆಗೆ ಕರೆದುಕೊಂಡು ಹೋದರು. ಮಗಳಿಗೆ ಎರಡು ಹೊತ್ತು ಊಟದ ಡಬ್ಬಿ. ಅವಳು ಪರೀಕ್ಷಾ ಕೇಂದ್ರಕ್ಕೆ ಹೋಗಬೇಕಾದಾಗ ಅಂಕಲ್ ಆಟೋ ಮಾಡಿಕೊಂಡು ಜೊತೆಗೆ ಹೋಗಿ, ಪರೀಕ್ಷೆ ಮುಗಿಯುವವರೆಗೆ ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ಪೇಪರ್ ಹಾಸಿ ಕೂತಿದ್ದರಂತೆ. ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಈ ವಯಸ್ಸಲ್ಲಿ ನನಗೆ ಇದೆಲ್ಲ ಬೇಕಿತ್ತಾ?"

ತುಂಬ ಜನ ಕೇಳ್ತಿರೋದರಿಂದ ಎನ್‌ಐಓಎಸ್ ಬಗ್ಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಇದು 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಹತ್ತನೇ ತರಗತಿಗೆ ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಇವಳು ತಗೊಂಡಿದ್ದು ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಪೇಂಟಿಂಗ್. ಪಾಸಾಗಲು 33 ಪರ್ಸೆಂಟ್ ಬೇಕು. ಮನೆಯಲ್ಲಿ ಬರೆದು ಸಲ್ಲಿಸುವ ಅಸೈನ್‌ಮೆಂಟ್‌ಗೂ ಅಂಕ ಇದೆ, ಉದಾಸೀನ ಮಾಡಬೇಡಿ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ಒಂದು ರಿಜಿಸ್ಟ್ರೇಷನ್ 5 ವರ್ಷ ನಡೆಯುತ್ತೆ, ಅಷ್ಟರಲ್ಲಿ 9 ಅವಕಾಶ. ನಾವು ಅಕ್ಟೋಬರ್ ಪರೀಕ್ಷೆ ಆರಿಸಿಕೊಂಡಿದ್ದಕ್ಕೆ ಪಿಯು ಅಡ್ಮಿಷನ್‌ಗೆ ಮೊದಲೇ ಕಾಗದಪತ್ರ ಎಲ್ಲಾ ಕೈಗೆ ಬಂತು. ಶಾಲೆಯ ಟಿಸಿ ಬದಲು ಎನ್‌ಐಓಎಸ್ ಕೊಡುವ ಮೈಗ್ರೇಷನ್ ಮತ್ತು ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಇರುತ್ತೆ, ಅದನ್ನು ಜೋಪಾನ ಮಾಡಿ.

ಒಂದು ಕಾಲೇಜಿನ ಕೌಂಟರ್‌ನಲ್ಲಿ ಅದನ್ನು ಮುಟ್ಟಿಯೂ ನೋಡದೆ "ಓಪನ್ ಸ್ಕೂಲ್ ನಡೆಯಲ್ಲ" ಅಂತ ವಾಪಸ್ ತಳ್ಳಿದರು. ಇನ್ನೊಂದು ಕಾಲೇಜಿನ ಗುಮಾಸ್ತರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಯಾವ ಅರ್ಜಿಗೆ ಯಾವ ಜೆರಾಕ್ಸ್ ಅಂತ ಪಿನ್ ಹೊಡೆದು ಜೋಡಿಸಿ, ಪ್ರಿನ್ಸಿಪಾಲ್ ರೂಮಿಗೆ ತಾವೇ ಕರೆದುಕೊಂಡು ಹೋದರು. ಹೊರಗೆ ಬಂದ ಮೇಲೆ ಮೆಲ್ಲಗೆ, "ನನ್ನ ಮಗನಿಗೆ ಮಾತ್ರ ನಾನು ಹೀಗೆ ಮಾಡಲ್ಲ ಬಿಡಿ ಮೇಡಂ" ಅಂದರು. ಸರ್, ನೀವೂ ಈ ಪಟ್ಟಿಯಲ್ಲಿ ಸರಿಯಾಗಿ ಸೇರಿಕೊಂಡಿರಿ.

ನಮ್ಮನೆಯವರಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಅವರಿಗೇ ಮುಜುಗರ. ಬೆಳಿಗ್ಗೆ ತಿಂಡಿ ಅವರದ್ದೇ ಆಗಿದ್ದರಿಂದ ನನಗೆ ಎಂಟರಿಂದ ಹತ್ತು ಮಕ್ಕಳ ಜೊತೆ ಕೂರೋಕೆ ಆಗ್ತಿತ್ತು ಅಂತ ಮಾತ್ರ ಬರೀತೀನಿ. ಉಪ್ಪಿಟ್ಟು ಜಾಸ್ತಿ ಆಯ್ತು ಅನ್ನುವ ದೂರು ಹಾಗೇ ಇದೆ.

ಅತ್ತೆಗೆ ಇನ್ನೊಂದು ಖುಷಿ ಸುದ್ದಿ. ಮಗ ತಾನಾಗಿಯೇ ಈ ಸಲ ಐದನೇ ಕ್ಲಾಸಿಗೆ ಸೇರ್ತೀನಿ ಅಂದಿದ್ದಾನೆ. ಕಾರಣ ಓದಲ್ಲ, ಕ್ರಿಕೆಟ್ ಟೀಮು. ನಮಗೆ ಅದರಲ್ಲಿ ಏನೂ ಸೋಲು ಕಾಣಿಸ್ತಿಲ್ಲ, ಹತ್ತಿರದ ಶಾಲೆಯಲ್ಲಿ ವಿಚಾರಿಸಿಕೊಂಡು ಬಂದಿದ್ದೇವೆ.

ಅವಳ ಎನ್‌ಐಓಎಸ್ ಪುಸ್ತಕಗಳು, ಅಂಕಲ್ ಬರೆಸಿದ ಗಣಿತದ ನೋಟ್ಸು ಎಲ್ಲಾ ಒಂದು ಡಬ್ಬದಲ್ಲಿ ಕಟ್ಟಿಟ್ಟಿದ್ದೀನಿ. ಬೇಕಾದವರು ಮೆಸೇಜ್ ಮಾಡಿ, ಓದಿ ಮುಗಿದ ಮೇಲೆ ಇನ್ನೊಬ್ಬರಿಗೆ ದಾಟಿಸಿದರೆ ಸಾಕು. ಪೇಂಟಿಂಗ್ ಫೈಲ್ ಮಾತ್ರ ಅವಳು ಕೊಡಲ್ಲವಂತೆ. ಬೀದಿಯವರೆಲ್ಲ ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ. ಒಬ್ಬಟ್ಟು ಅತ್ತೆ ಕೂತಲ್ಲೇ ತಟ್ಟಿಕೊಡ್ತಾರಂತೆ, ಬೇಯಿಸೋದು ನಾನು. ಬೈಯೋದು ಬಾಕಿ ಇದ್ದವರು ಊಟ ಆದ ಮೇಲೆ ಶುರು ಮಾಡಬಹುದು.